ಭಾನುವಾರ ಒಂದು ಥರ, ಸೋಮವಾರ ಇನ್ನೊಂದು ಥರ ಆಗದೆ ಕ್ರೈಸ್ತರಾಗಿ ಬದುಕುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತೀರಿ. ಸೋಮವಾರ ಆಫೀಸಿಗೆ ಕಾಲಿಟ್ಟ ಮೇಲೆ ನಿಮಗೂ ಪಕ್ಕದ ಸೀಟಿನವರಿಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಇದು ನಾಟಕ ಅಲ್ವಾ ಅನ್ನೋ ಅನುಮಾನ ಕಾಡುತ್ತಿದೆ. ಜೊತೆಗೆ, ಸಹೋದ್ಯೋಗಿಗಳ ಹತ್ತಿರ ಯೇಸುವಿನ ಬಗ್ಗೆ ಮಾತಾಡಬೇಕಾ ಬೇಡವಾ ಅಂತಲೂ ಕೇಳಿದ್ದೀರಿ.

ನಾನು ದೇವಶಾಸ್ತ್ರ ಓದಿದವನಲ್ಲ. ಮಂಗಳೂರಿನಲ್ಲಿ ಸಣ್ಣ ಪ್ರಮಾಣದ ಕಟ್ಟಡ ಕಂಟ್ರಾಕ್ಟರ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಹಾಗಾಗಿ ನನ್ನ ಉತ್ತರದಲ್ಲಿ ಸಿಮೆಂಟು, ಕೂಲಿ, ಲೆಕ್ಕ ಇವೇ ಜಾಸ್ತಿ ಇರುತ್ತವೆ.

ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಜನ ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾರೆ. ಯೊರ್ದನ್ ಹೊಳೆಯ ಕಡೆ ಸ್ನಾನಿಕನಾದ ಯೋಹಾನ ಎಲ್ಲರನ್ನೂ ಗದರಿಸುತ್ತಿದ್ದಾನೆ. ಹಾಗಾದರೆ ನಾವೇನು ಮಾಡಬೇಕು ಅನ್ನುತ್ತಾರೆ ಜನ. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಿ, ನನ್ನ ಹಾಗೆ ಅಡವಿಗೆ ಬನ್ನಿ ಅಂತ ಅವನು ಹೇಳಲೇ ಇಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅಂದ. ಸುಂಕದವರಿಗೆ, ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳಿಗೆ, ಹೆದರಿಸಿ ದುಡ್ಡು ಕೀಳಬೇಡಿ, ಬರುವ ಸಂಬಳ ಸಾಕು ಅನ್ನಿ ಅಂದ. ಸುಂಕ ಎತ್ತುವುದು ಆಗ ಊರೆಲ್ಲ ಶಾಪ ಹಾಕುತ್ತಿದ್ದ ಕೆಲಸ. ಅದನ್ನೂ ಬಿಟ್ಟುಬಿಡಿ ಅನ್ನಲಿಲ್ಲ. ಯಾರ ಕೈ ಎಲ್ಲಿ ಜಾರುತ್ತದೋ ಅಲ್ಲಿಗೇ ಬೆರಳಿಟ್ಟು ತೋರಿಸಿದ.

ನಂಬಿಕೆ ನಿಜವಾ ಅಂತ ನೋಡಬೇಕಾದರೆ ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ನನ್ನ ಕೆಲಸದಲ್ಲಿ ಕೈ ಎಲ್ಲಿ ಜಾರುತ್ತದೆ?

ಮೊದಲನೆಯದು ಬಟವಾಡೆ. ನಮ್ಮಲ್ಲಿ ಗಾರೆ ಕೆಲಸಕ್ಕೆ, ಸೆಂಟ್ರಿಂಗ್‌ಗೆ (ಕಾಂಕ್ರೀಟ್ ಸುರಿಯಲು ಹಲಗೆ ಕಟ್ಟುವುದಕ್ಕೆ) ಬರುವವರು ಹೆಚ್ಚಿನವರು ಕೊಪ್ಪಳ, ಬಾಗಲಕೋಟೆ, ಗದಗ ಕಡೆಯವರು. ಶನಿವಾರ ಸಂಜೆ ವಾರದ ಕೂಲಿ. ಮನೆ ಯಜಮಾನರಿಂದ ಬಿಲ್ ಬರುವುದು ತಡವಾದರೆ ಕಂಟ್ರಾಕ್ಟರ್ ಏನು ಮಾಡುತ್ತಾನೆ? 'ಮೇಲಿಂದ ದುಡ್ಡು ಬಂದಿಲ್ಲ' ಅಂತ ಹೇಳಿ ಆ ಭಾರವನ್ನು ಕೆಳಗೆ ದಾಟಿಸುತ್ತಾನೆ. ಇನ್ನು ಕೆಲವರು ಬೇಕೆಂದೇ ಒಂದು ವಾರದ ಕೂಲಿ ಹಿಡಿದಿಟ್ಟುಕೊಳ್ಳುತ್ತಾರೆ, ಆಳು ಬೇರೆ ಸೈಟಿಗೆ ಹೋಗದಿರಲಿ ಅಂತ. ಈ ವ್ಯವಹಾರದಲ್ಲಿ ಇದನ್ನು ಯಾರೂ ತಪ್ಪು ಅನ್ನುವುದಿಲ್ಲ. ಬೈಬಲ್ ಅನ್ನುತ್ತದೆ. ಕೂಲಿಯವನ ಕೂಲಿ ರಾತ್ರಿಯಿಡೀ ನಿನ್ನ ಹತ್ತಿರ ಇರಬಾರದು ಅಂತ ಯಾಜಕಕಾಂಡ 19ರಲ್ಲಿದೆ. ಹೊತ್ತು ಮುಳುಗುವ ಮೊದಲು ಕೊಡು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಅಂತ ಧರ್ಮೋಪದೇಶಕಾಂಡ 24. ಕೊಡದೆ ಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಯಾಕೋಬ ತನ್ನ ಪತ್ರಿಕೆಯಲ್ಲಿ ಬರೆಯುತ್ತಾನೆ.

'ರೊಕ್ಕ ಇವತ್ತ ಬೇಕ್ರೀ, ಊರಿಗೆ ಕಳಸಬೇಕು' ಅಂತ ಕೈ ತೊಳೆದುಕೊಂಡು ಬಂದು ಒಬ್ಬ ನಿಂತಿರುವಾಗ ನನ್ನ ಭಕ್ತಿ ಎಷ್ಟು ಅಂತ ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಮನಸ್ಸು ಒಳ್ಳೆಯದಿದ್ದರೆ ಸಾಲದು, ಮೊದಲೇ ಏರ್ಪಾಡು ಬೇಕು. ನಾನು ಕೂಲಿಯ ದುಡ್ಡಿಗೆ ಬೇರೆ ಖಾತೆ ಇಟ್ಟಿದ್ದೇನೆ. ಯಜಮಾನರಿಂದ ಏನೇ ಬರಲಿ, ಮೊದಲು ಅದು ತುಂಬಬೇಕು. ಸಿಮೆಂಟ್ ಅಂಗಡಿಯವರು ಸಾಲಕ್ಕೆ ಸಾಮಾನು ಕೊಡುತ್ತಾರೆ, ಕಾಯುತ್ತಾರೆ. ಕೊಪ್ಪಳದಲ್ಲಿರುವ ಆತನ ಮಕ್ಕಳ ಊಟ ಕಾಯುವುದಿಲ್ಲ.

ಎರಡನೆಯದು ಕಣ್ಣಿಗೆ ಕಾಣದ ಕೆಲಸ. ಸ್ಲ್ಯಾಬಿಗೆ ಕಬ್ಬಿಣ ಕಟ್ಟಿದ ಮೇಲೆ ಕೆಳಗೆ ಚಿಕ್ಕ ಚಿಕ್ಕ ಕವರ್ ಬ್ಲಾಕ್ ಇಡಬೇಕು. ರಾಡು ಹಲಗೆಗೆ ತಾಗದೆ ಸ್ವಲ್ಪ ಮೇಲೆ ನಿಲ್ಲಲಿ, ಸುತ್ತ ಕಾಂಕ್ರೀಟ್ ತುಂಬಿಕೊಳ್ಳಲಿ ಅಂತ. ಅದು ದುಬಾರಿಯೇನಲ್ಲ, ಬೇಜಾರಿನ ಕೆಲಸ ಅಷ್ಟೇ. ಬಗ್ಗಿ ಬಗ್ಗಿ ಒಂದೊಂದೇ ಇಡಬೇಕು. ಕಾಂಕ್ರೀಟ್ ಸುರಿದ ಮೇಲೆ ಇಟ್ಟಿದ್ದೀರಾ ಇಲ್ವಾ ಅಂತ ಯಾವ ಯಜಮಾನನೂ ಕಂಡುಹಿಡಿಯಲಾರ. ಕರಾವಳಿಯ ಉಪ್ಪು ಗಾಳಿಗೆ ಕೆಲವೇ ವರ್ಷದಲ್ಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಛಾವಣಿಯ ಅಡಿಯ ಸಾರಣೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅಷ್ಟು ಹೊತ್ತಿಗೆ ಕಂಟ್ರಾಕ್ಟರ್ ಬಿಲ್ ತಗೊಂಡು ಹೋಗಿ ಎಷ್ಟೋ ಕಾಲವಾಗಿರುತ್ತದೆ! ಮತ್ತಾಯ 6ರಲ್ಲಿ ಯೇಸು ಗುಟ್ಟಾಗಿ ನಡೆಯುವುದನ್ನು ನೋಡುವ ತಂದೆಯ ಬಗ್ಗೆ ಹೇಳುವುದು ದಾನ, ಪ್ರಾರ್ಥನೆ, ಉಪವಾಸದ ಮಾತಿನಲ್ಲಿ. ನನಗೆ ಅದು ಸೆಂಟ್ರಿಂಗ್ ಹಲಗೆಯ ಮೇಲೆ ನಿಂತಾಗ ನೆನಪಾಗುತ್ತದೆ.

ನಿಮ್ಮ ಕೆಲಸದ ಕವರ್ ಬ್ಲಾಕ್ ಯಾವುದು ಅಂತ ನಿಮಗೇ ಗೊತ್ತಿರುತ್ತದೆ. ನಾನು ಹೊರಗಿನಿಂದ ಊಹಿಸಬಲ್ಲೆ. ಟ್ಯಾಕ್ಸ್ ಉಳಿಸಲು ಕೊಡುವ ಸುಳ್ಳು ಬಾಡಿಗೆ ರಸೀದಿ. ಬಯೋಡೇಟಾದಲ್ಲಿ ಇಲ್ಲದ ಅನುಭವ. ಜೂನಿಯರ್ ರಾತ್ರಿ ಕೂತು ಮಾಡಿದ್ದನ್ನು ಮೀಟಿಂಗ್‌ನಲ್ಲಿ 'ನಾವು ಮಾಡಿದ್ವಿ' ಅನ್ನುವುದು. ಟೆಸ್ಟ್ ಮಾಡದೆ 'ಆಯ್ತು' ಅಂತ ಬರೆಯುವುದು. ಆಫೀಸಿನಲ್ಲಿ ಕಸ ಗುಡಿಸುವ ಅಮ್ಮನ ಹೆಸರು ಎಷ್ಟೋ ಕಾಲದಿಂದ ಗೊತ್ತಿಲ್ಲದಿರುವುದು. ಇವುಗಳಲ್ಲಿ ಒಂದನ್ನು ಹಿಡಿದು ಸರಿ ಮಾಡಿ. ಹೊಸ ಧ್ಯಾನದ ಪುಸ್ತಕ ಕೊಳ್ಳುವ ಮೊದಲು ಇದು.

ನಷ್ಟ ಆಗಲ್ವಾ? ಆಗುತ್ತದೆ. ಸುಮ್ನೆ ಸುಳ್ಳು ಹೇಳಲ್ಲ. ರೇಟಿನಲ್ಲಿ ನನ್ನ ಕೊಟೇಶನ್ ಹಲವು ಸಲ ಮೇಲಿರುತ್ತದೆ, ಕೆಲಸ ಬೇರೆಯವರಿಗೆ ಹೋಗುತ್ತದೆ. ದೇವರಿಗೆ ನಿಷ್ಠೆಯಿಂದಿದ್ದರೆ ವ್ಯಾಪಾರ ದುಪ್ಪಟ್ಟಾಗುತ್ತದೆ ಅಂತ ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ಯೋಹಾನ ಅಂತಹ ಭರವಸೆ ಯಾವ ಸುಂಕದವನಿಗೂ ಕೊಟ್ಟಿರಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಯೇಸುವಿನ ಬಗ್ಗೆ ಮಾತಾಡಬೇಕಾ?

ಇಲ್ಲಿ ನಮ್ಮೂರಿನ ಚರಿತ್ರೆ ಸ್ವಲ್ಪ ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ಕ್ರೈಸ್ತನಾದವನನ್ನು ಮನೆಯವರು ಹೊರಗೆ ಹಾಕುತ್ತಿದ್ದರು, ಕುಲಕಸುಬು ಕೈ ತಪ್ಪುತ್ತಿತ್ತು. ಹೊಟ್ಟೆಪಾಡಿಗೆ ದಾರಿ ಮಾಡಲೇಬೇಕಾಗಿ ಬಂತು. ನೇಯ್ಗೆ ಶುರುವಾಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಹೆಂಚಿನ ಕಾರ್ಖಾನೆ ತೆರೆದ. ಮಂಗಳೂರು ಹೆಂಚು ಅಂತ ದೇಶವೆಲ್ಲ ಕರೆಯುವುದು ಅದನ್ನೇ. ಕೈಗೆ ಕೆಲಸ ಕೊಟ್ಟದ್ದು ದೊಡ್ಡ ಮಾತು, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಅದರಲ್ಲಿ ಒಂದು ತೊಡಕೂ ಇತ್ತು. ಉಪದೇಶ ಮಾಡುವವರೂ ಸಂಬಳ ಕೊಡುವವರೂ ಒಂದೇ ಕಡೆಯವರು. ಹಾಗಿರುವಾಗ ಕೆಲಸಗಾರ ಆಮೆನ್ ಅಂದರೆ ಅದು ನಂಬಿಕೆಯಾ, ಕೂಲಿಯಾ ಅಂತ ಹೇಳುವುದು ಹೇಗೆ? ಬಹುಶಃ ಅವನಿಗೂ ಗೊತ್ತಿರಲಿಕ್ಕಿಲ್ಲ.

ಆದ್ದರಿಂದ ನನ್ನ ನಿಯಮ ಇದು. ಯಾರ ಕೂಲಿ ನನ್ನ ಕೈಯಲ್ಲಿದೆಯೋ ಅವರಿಗೆ ನಾನಾಗಿ ಧರ್ಮದ ಮಾತು ಎತ್ತುವುದಿಲ್ಲ. ಅವರಿಗೆ 'ಬೇಡ' ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ, ತಲೆ ಅಲ್ಲಾಡಿಸುತ್ತಾರೆ ಅಷ್ಟೇ. ನೀವು ಟೀಮ್ ಲೀಡ್ ಆಗಿದ್ದು ನಾಲ್ಕು ಜನರ ಅಪ್ರೈಸಲ್ ಬರೆಯುವವರಾದರೆ, ಆ ನಾಲ್ವರನ್ನು ಬಿಟ್ಟುಬಿಡಿ. ಸಮಾನರ ಹತ್ತಿರ, ಗೆಳೆಯರ ಹತ್ತಿರ ಮಾತು ಬಂದಾಗ ಮುಚ್ಚಿಡಬೇಕಿಲ್ಲ. ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯದಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸದಾ ತಯಾರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಿ ಅಂತಿದೆ. ಕೇಳುವವರಿಗೆ, ನೋಡಿ. ಸ್ಟೇಟಸ್‌ನಲ್ಲಿ ದಿನಾ ವಾಕ್ಯ ಹಾಕುವುದು ತಪ್ಪೇನಲ್ಲ, ನನ್ನ ಹೆಂಡತಿಯೂ ಹಾಕುತ್ತಾಳೆ. ಆದರೆ ಅದನ್ನು ನೋಡಿ ಯಾರೂ ಪ್ರಶ್ನೆ ಕೇಳಿಕೊಂಡು ಬಂದದ್ದನ್ನು ನಾನಂತೂ ಕಂಡಿಲ್ಲ.

ಆಯುಧಪೂಜೆಯ ವಿಷಯ ನಿಮಗೂ ಬರುತ್ತದೆ, ಆಫೀಸಿನಲ್ಲಿ ಕಂಪ್ಯೂಟರಿಗೆ ಕುಂಕುಮ ಹಚ್ಚುವಾಗ. ನಮ್ಮ ಸೈಟಿನಲ್ಲಿ ಹುಡುಗರು ಮಿಕ್ಸರ್ ಮೆಷಿನ್ ತೊಳೆದು, ಚೆಂಡು ಹೂವಿನ ಹಾರ ಹಾಕಿ, ಗಾಡಿಯ ಟೈರಿನಡಿ ನಿಂಬೆಹಣ್ಣು ಇಡುತ್ತಾರೆ. ಕುಂಬಳಕಾಯಿ, ಮಂಡಕ್ಕಿ, ಸಿಹಿಗೆ ದುಡ್ಡು ನನ್ನದು. ಹಬ್ಬ ಅವರದು, ಬೆವರೂ ಅವರದು. ನಾನು ಆರತಿ ಎತ್ತುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ. 'ನೀವು ಮಾಡಂಗಿಲ್ಲೇನ್ರೀ' ಅಂತ ಯಾರಾದರೂ ಕೇಳಿದರೆ, ನಮ್ಮಲ್ಲಿ ಹಾಗಿಲ್ಲ, ನೀವು ಮಾಡಿ ಅನ್ನುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಪ್ರಸಾದ ತಿನ್ನಬಹುದಾ ಅನ್ನುವುದಕ್ಕೆ ನಮ್ಮ ಸಭೆಯಲ್ಲೇ ಎರಡು ಅಭಿಪ್ರಾಯ ಇದೆ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8 ಮತ್ತು 10ನೇ ಅಧ್ಯಾಯ ಓದಿ. ವಿಗ್ರಹಕ್ಕೆ ಇಟ್ಟದ್ದು ಅಂತ ಯಾರಾದರೂ ತಿಳಿಸಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬೇಡ ಅನ್ನುತ್ತಾನೆ. ಹಾಗಂತ ಹುಡುಕಿಕೊಂಡು ಹೋಗಿ ವಿಚಾರಣೆ ಮಾಡಬೇಡಿ ಅಂತಲೂ ಅನ್ನುತ್ತಾನೆ. ಸಿಎಸ್‌ಐನವರು, ಕಥೋಲಿಕರು, ಪೆಂತೆಕೋಸ್ತಿನವರು ಇದನ್ನು ಬೇರೆ ಬೇರೆ ಥರ ಓದುತ್ತಾರೆ. ನಿಮ್ಮ ಸಭಾಪಾಲಕರ ಹತ್ತಿರ ಕೂತು ಮಾತಾಡುವುದು ಒಳ್ಳೆಯದು.

ಪ್ರಸಾದದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಮ್ಮವರು ಇನ್ನೊಂದರ ಬಗ್ಗೆ ಸುಮ್ಮನಿರುತ್ತಾರೆ. ಜಾತಿ. ಯೇಸುವಿನ ನೆನಪಿಗೆ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಒಂದೇ ರೊಟ್ಟಿ ತಿಂದು ಹೊರಗೆ ಬಂದವರೇ ಮಗಳಿಗೆ ಗಂಡು ಹುಡುಕುವಾಗ 'ಅವರು ಮೊದಲು ಯಾವ ಕಡೆಯವರು' ಅಂತ ಮೆಲ್ಲಗೆ ಕೇಳುತ್ತಾರೆ. ಕ್ರೈಸ್ತರ ಮನೆಗಳಲ್ಲೂ ಕೆಲಸದವಳಿಗೆ ಬೇರೆ ಲೋಟ ಇಟ್ಟದ್ದು ನೋಡಿದ್ದೇನೆ. ಚಿನ್ನದುಂಗುರ ಹಾಕಿದವನಿಗೆ ಒಳ್ಳೆ ಜಾಗ, ಬಡವನಿಗೆ ಕಾಲ ಹತ್ತಿರ ಜಾಗ ಕೊಟ್ಟರೆ ನೀವು ಕೆಟ್ಟ ನ್ಯಾಯಾಧೀಶರು ಅಂತ ಯಾಕೋಬ 2ರಲ್ಲಿ ಬರೆದದ್ದು ಸಭೆಯ ಒಳಗಿನವರಿಗೇ. ನಾಟಕ ಅನ್ನುವ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಆಫೀಸಿನಲ್ಲಿ ನೀವು ಬೇರೆಯವರ ಹಾಗೇ ಕಾಣುವುದಕ್ಕಲ್ಲ.

ಪ್ರಾರ್ಥನೆ ಬಗ್ಗೆ ಜಾಸ್ತಿ ಹೇಳಲ್ಲ. ಬೆಳಿಗ್ಗೆ ಸೈಟಿಗೆ ಹೊರಡುವ ಮೊದಲು ಅವತ್ತು ಯಾರ್‍ಯಾರು ಕೆಲಸಕ್ಕಿದ್ದಾರೋ ಅವರ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಇದರಿಂದ ಒಂದು ತೊಂದರೆ ಇದೆ: ಬೆಳಿಗ್ಗೆ ದೇವರ ಮುಂದೆ ಹೆಸರು ಹೇಳಿದವನ ಮೇಲೆ ಮಧ್ಯಾಹ್ನ ಕೂಗಾಡಲು ಬಾಯಿ ಬರುವುದಿಲ್ಲ.

ಮತ್ತೆ, ಭಾನುವಾರವನ್ನು ಕಡೆಗಣಿಸಬೇಡಿ. ಸಿಎಸ್‌ಐ ಆರಾಧನೆಯಲ್ಲಿ ಕರ್ತನ ಭೋಜನಕ್ಕೆ ಮೊದಲು ಶಾಂತಿಯನ್ನು ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಕೈ ಜೋಡಿಸಿ ಪಕ್ಕದವರ ಅಂಗೈಗಳ ನಡುವೆ ಕೊಡುವುದು, ಅದಕ್ಕೆ ಮತ್ತಾಯ 5ರ ಮಾತನ್ನು ಜೋಡಿಸಿಕೊಳ್ಳಿ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಬೇಸರ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಮಾಡಿಕೋ ಅನ್ನುವುದು. ಆಫೀಸಿನಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರ ಮುಖ ಆಗ ನೆನಪಿಗೆ ಬಂದರೆ ಸೋಮವಾರದ ಮೊದಲ ಕೆಲಸ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇದನ್ನೆಲ್ಲ ಒಬ್ಬರೇ ಮಾಡಲು ಹೋದರೆ ಬೇಗ ಸುಸ್ತಾಗುತ್ತೀರಿ. ದುಡ್ಡಿನ ವಿಷಯವನ್ನೂ ಬಾಯಿಬಿಟ್ಟು ಮಾತಾಡಬಲ್ಲ ಇಬ್ಬರು ಮೂವರು ಸಭೆಯಲ್ಲಿ ಸಿಗುತ್ತಾರಾ ನೋಡಿ. ನಮ್ಮಲ್ಲಿ ಒಬ್ಬ ಬ್ಯಾಂಕಿನವರು, ಒಬ್ಬ ಲಾರಿ ಮಾಲೀಕರು ಇದ್ದಾರೆ. ನನ್ನ ಕೊಟೇಶನ್‌ಗಳನ್ನೂ ಅವರು ನೋಡುತ್ತಾರೆ. ನೀವು ಯಾವ ಸಭೆಗೆ ಹೋಗುತ್ತೀರಿ ಅಂತ ಬರೆದಿಲ್ಲ. ಕನ್ನಡ ಆರಾಧನೆ ಬೇಕು ಅನ್ನಿಸಿದರೆ ಬೆಂಗಳೂರಿನ ಕಾರ್ಪೊರೇಷನ್ ಕಚೇರಿ ಹತ್ತಿರ ಹಡ್ಸನ್ ಸ್ಮಾರಕ ದೇವಾಲಯ ಇದೆ, ಹಳೆಯ ಕನ್ನಡ ಸಭೆ. ಆರಾಧನೆ ಮುಗಿದ ಕೂಡಲೇ ಹೊರಟುಬಿಡಬೇಡಿ, ಸ್ವಲ್ಪ ಹೊತ್ತು ನಿಂತು ಜನರನ್ನು ಮಾತಾಡಿಸಿ.