ನಿಮ್ಮ ಅಪ್ಪಾಜಿ ಹೇಳಿದ್ದು ಸರಿಯಾಗಿಯೇ ಇದೆ ಅಕ್ಕಾ

ಅಕ್ಕಾ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಚನ್ನಗಿರಿಯ ಮನೆಗೆ ಹೊಸ 43 ಇಂಚಿನ ಟಿವಿ ತಂದು ಹಾಕಿದ್ದೀರಿ. ಅಮ್ಮ "ಮಾತೇ ಕೇಳಲ್ಲ" ಅನ್ನುತ್ತಾರೆ. ಅಪ್ಪಾಜಿ ಹತ್ತು ನಿಮಿಷ ನೋಡಿ "ಇದೇನು ಸಿನಿಮಾನಾ, ಧಾರಾವಾಹಿ ಇದ್ದಂಗಿದೆ" ಅಂತ ಎದ್ದು ತೋಟಕ್ಕೆ ಹೋಗುತ್ತಾರೆ. ಇಬ್ಬರಿಗೂ ಹಿಡಿಸುವ ಸಿನಿಮಾ ಹೇಳಿ ಅಂತ ಕೇಳಿದ್ದೀರಿ. ಕೆಳಗೆ ಎಲ್ಲರೂ ಹೆಸರು ಬರೆದಿದ್ದಾರೆ, ಒಬ್ಬರು ಸೂಪರ್ ಅಂದಿದ್ದನ್ನೇ ಇನ್ನೊಬ್ಬರು ಟೈಮ್ ವೇಸ್ಟ್ ಅಂದಿದ್ದಾರೆ. ಹೆಸರು ಆಮೇಲೆ ಹೇಳುತ್ತೇನೆ. ಮೊದಲು ರಿಮೋಟ್ ಕೈಗೆ ತಗೊಳ್ಳಿ.

ಅಪ್ಪಾಜಿ ಕಣ್ಣು ಚೆನ್ನಾಗಿದೆ. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಈಗಿನ ಎಷ್ಟೋ ಟಿವಿಗಳು ಅದು ಸಾಲದು ಅಂತ ನಡುನಡುವೆ ತಾವೇ ಚಿತ್ರ ಸೃಷ್ಟಿಸಿ ತುಂಬುತ್ತವೆ, ಆಗ ಎಲ್ಲಾ ಎಣ್ಣೆ ಹಚ್ಚಿದಂಗೆ ಜಾರಿಕೊಂಡು ಹೋಗಿ ಎಂಥ ದೊಡ್ಡ ಸಿನಿಮಾನೂ ಸಂಜೆ ಧಾರಾವಾಹಿ ಥರ ಕಾಣುತ್ತದೆ. ದಾವಣಗೆರೆಯ ನಮ್ಮ ಮನೆಯಲ್ಲೂ ಇದೇ ಕಥೆ. ಟಿವಿ ಕೂರಿಸಲು ಬಂದ ಹುಡುಗ ಕಣ್ಣು ಕುಕ್ಕುವ 'ವಿವಿಡ್' ಮೋಡ್‌ನಲ್ಲಿಟ್ಟು ಚಹಾ ಕುಡಿದು ಹೋದ. ಆರು ತಿಂಗಳು ನಾವು ಸಿನಿಮಾದವರನ್ನೇ ಬೈದೆವು. ಪಿಕ್ಚರ್ ಸೆಟ್ಟಿಂಗ್ ಒಳಗೆ ಹೋಗಿ. ಸ್ಯಾಮ್‌ಸಂಗ್ ಆದರೆ 'ಪಿಕ್ಚರ್ ಕ್ಲಾರಿಟಿ', ಎಲ್‌ಜಿ ಆದರೆ 'ಟ್ರೂಮೋಷನ್', ಸೋನಿ ಆದರೆ 'ಮೋಷನ್‌ಫ್ಲೋ' ಅಂತ ಇರುತ್ತದೆ. ಆಫ್ ಮಾಡಿ. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಇನ್ನೂ ಸುಲಭ, ಅದೊಂದನ್ನು ಒತ್ತಿದರೆ ಸಾಕು. ಮೊದಲ ದಿನ ಬಣ್ಣ ಸ್ವಲ್ಪ ಹಳದಿ ಅನ್ನಿಸಬಹುದು, ಎರಡು ದಿನಕ್ಕೆ ಅಭ್ಯಾಸ ಆಗುತ್ತದೆ. ಕ್ರಿಕೆಟ್‌ಗೆ ಬೇಕಾದರೆ ವಾಪಸ್ ಹಾಕಿಕೊಳ್ಳಲಿ, ತೊಂದರೆ ಇಲ್ಲ.

ಇನ್ನು ಅಮ್ಮನ ದೂರು. ಈಗಿನ ಸಿನಿಮಾಗಳ ಸೌಂಡ್ ಹೆಚ್ಚಾಗಿ 5.1 ಲೆಕ್ಕದಲ್ಲಿ, ಅಂದರೆ ಆರು ಸ್ಪೀಕರಿಗೆ ಹಂಚಿ ಮಾಡಿರುತ್ತಾರೆ, ಅದರಲ್ಲಿ ಮಾತು ಬರುವುದು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ. ನಮ್ಮ ಟಿವಿಗೆ ಇರುವುದು ಎರಡೇ ಸ್ಪೀಕರ್, ಅದೂ ನೆಲ ನೋಡಿಕೊಂಡು. ಆರು ದಾರಿಯ ಸದ್ದನ್ನು ಎರಡಕ್ಕೆ ಹಿಸುಕಿದಾಗ ಫೈಟು, ಮ್ಯೂಸಿಕ್ಕು ಮೇಲೆ ಬಂದು ಮಾತು ಅಡಿಗೆ ಬೀಳುತ್ತದೆ. ಆಡಿಯೋ ಆಯ್ಕೆಯಲ್ಲಿ 'ಕನ್ನಡ 5.1' ಮತ್ತು ಬರೀ 'ಕನ್ನಡ' ಎರಡೂ ಇದ್ದರೆ ಬರೀ ಕನ್ನಡ ಹಾಕಿ. ಟಿವಿಯ ಸೌಂಡ್ ಮೋಡ್‌ನಲ್ಲಿ 'ಕ್ಲಿಯರ್ ವಾಯ್ಸ್' ಅಂತಲೋ ಇನ್ನೇನೋ ಹೆಸರಲ್ಲಿ ಮಾತು ಜೋರು ಮಾಡುವುದು ಸಾಮಾನ್ಯವಾಗಿ ಇರುತ್ತದೆ, ಹುಡುಕಿ. ಇನ್ನೊಂದು ವಿಷಯ, ನಗಬೇಡಿ. ನಮ್ಮಮ್ಮ ತಾವೇ ಹೆಣೆದ ಕ್ರೋಷಾ ಕವರ್ ಅನ್ನು ಟಿವಿ ನೋಡುವಾಗ ಮಡಚಿ ನೀಟಾಗಿ ಕೆಳಗೆ ತುರುಕುತ್ತಿದ್ದರು. ಸರಿಯಾಗಿ ಸ್ಪೀಕರ್ ಬಾಯಿಗೇ. ಅದನ್ನು ಎಳೆದ ದಿನ ಪಕ್ಕದ ಮನೆಯವರೂ ಸಂಭಾಷಣೆ ಕೇಳಿಸಿಕೊಂಡರು.

ಫೋನಿನ ಹಾಟ್‌ಸ್ಪಾಟ್‌ನಲ್ಲಿ ನೋಡುವುದಾದರೆ ಲೆಕ್ಕ ಇರಲಿ. ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ತಿನ್ನುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇಂಟರ್ವಲ್ ಮೊದಲೇ ಮುಗಿಯುತ್ತದೆ, ಆಮೇಲೆ ಬರೋದೆಲ್ಲಾ ಮಂಜು ಮಂಜು.

ಈಗ ಹೆಸರುಗಳು. ಶುರು ಮಾಡುವುದಾದರೆ 1972ರ 'ನಾಗರಹಾವು'. ನೂರು ಸಲ ನೋಡಿದ್ದೀವಿ ಅನ್ನುತ್ತಾರೆ, ಆದರೂ ಹಾಕಿ. ಪರದೆ ಸೈಜ್ ಮಾತ್ರ ನೋಡಿಕೊಳ್ಳಿ, ಹಳೆ ಪ್ರಿಂಟ್ ಸಿಕ್ಕರೆ ಟಿವಿ ಅದನ್ನು ಅಡ್ಡಕ್ಕೆ ಎಳೆದು ವಿಷ್ಣುವರ್ಧನ್ ಮುಖವನ್ನು ರೊಟ್ಟಿ ತಟ್ಟಿದಂಗೆ ಅಗಲ ಮಾಡಿರುತ್ತದೆ, 'ಒರಿಜಿನಲ್' ಅಂತ ಬದಲಿಸಿ. ನಮ್ಮಮ್ಮನ ತವರು ಚಿತ್ರದುರ್ಗ, ಸಿನಿಮಾದ ಊರೂ ಅದೇ. ಓಬವ್ವನಾಗಿ ಒನಕೆ ಹಿಡಿದ ಜಯಂತಿ ಬಂದ ತಕ್ಷಣ ನನ್ನ ಕೈಯಿಂದ ರಿಮೋಟ್ ಕಿತ್ತು ನಿಲ್ಲಿಸಿದರು, ಎದ್ದು ಹೋಗಿ ಪರದೆ ಮೇಲೆ ಬೆರಳಿಟ್ಟು, "ಇಲ್ನೋಡು, ಈ ಬಂಡೆ ಹತ್ರಾನೇ ಸ್ಕೂಲಿಂದ ಕರ್ಕೊಂಡು ಹೋದಾಗ ನನ್ನ ಚಪ್ಪಲಿ ಕಿತ್ತೋಗಿದ್ದು" ಅಂದರು. ನಿರ್ದೇಶಕ ಪುಟ್ಟಣ್ಣನವರ ಸಿನಿಮಾ ಐದು ನಿಮಿಷ ಚಪ್ಪಲಿಗಾಗಿ ನಿಂತಿತ್ತು. ಕಥೆ ಬಗ್ಗೆ ನಮ್ಮಮ್ಮನದು ಒಂದೇ ತೀರ್ಪು, ಪ್ರತಿ ಸಲವೂ ಅದೇ: "ಆ ಮೇಷ್ಟ್ರದ್ದೇ ತಪ್ಪು, ಹುಡುಗನ ಪಾಡಿಗೆ ಹುಡುಗನ್ನ ಬಿಡಬೇಕಿತ್ತು."

ಅಪ್ಪಾಜಿಗೆ 'ತಿಥಿ' ತೋರಿಸಿ. ಇಲ್ಲೇ ಯಾರೋ ಬೋರಿಂಗ್ ಅಂದಿದ್ದಾರೆ, ನನ್ನ ಭಾವನೂ ಹಾಗೇ ಅಂದಿದ್ದರು. ವಿಚಾರಿಸಿದರೆ ಬೆಂಗಳೂರು ಬಸ್ಸಿನಲ್ಲಿ ಫೋನಿನಲ್ಲಿ ಮೂರು ತುಂಡು ಮಾಡಿ, ಹಿರಿಯೂರಿನ ಹತ್ತಿರ ನಿದ್ದೆ ಹೋಗಿ ನೋಡಿದ್ದು! ನಮ್ಮಪ್ಪಾಜಿ ಭಾನುವಾರ ಮಧ್ಯಾಹ್ನ ಮಂಡಕ್ಕಿ ಮಿರ್ಚಿ ಇಟ್ಟುಕೊಂಡು ಒಂದೇ ಪಟ್ಟಿಗೆ ನೋಡಿದರು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಜಮೀನು ಮಾರಬೇಕು ಅಂತ ಮೊಮ್ಮಗ ತಮ್ಮಣ್ಣ ಹವಣಿಸುತ್ತಾನೆ, ಅವನ ಅಪ್ಪ ಗಡ್ಡಪ್ಪನಿಗೆ ಆಸ್ತಿ ಬಗ್ಗೆ ಕ್ಯಾರೇ ಇಲ್ಲ, ಅದಕ್ಕೆ ಬದುಕಿರುವ ಗಡ್ಡಪ್ಪನಿಗೇ ಮರಣ ಪತ್ರ ಮಾಡಿಸುತ್ತಾನೆ. ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು, ಎರಡು ವರ್ಷ ಅಲೆದ ನಮ್ಮಪ್ಪಾಜಿ ಆ ಜಾಗದಲ್ಲಿ ನಕ್ಕ ನಗು ನಾನು ಬೇರೆಲ್ಲೂ ಕೇಳಿಲ್ಲ. ಮಂಡ್ಯ ಕಡೆ ಮಾತು, ಬೈಗುಳ ಜಾಸ್ತಿ, ಮೊಮ್ಮಕ್ಕಳನ್ನು ಆಟಕ್ಕೆ ಕಳಿಸಿ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿದೆ ಅಂತ ಮಾತ್ರ ಮೊದಲೇ ಹೇಳಬೇಡಿ, ಪ್ರಶಸ್ತಿ ಅಂದರೆ ನಮ್ಮಪ್ಪಾಜಿ ಎದ್ದೇ ಬಿಡುತ್ತಾರೆ, ನಿಮ್ಮವರೂ ಹಾಗೇ ಇರಬಹುದು.

'ದಿಯಾ' ಚೆನ್ನಾಗಿದೆ, ಆದರೆ ಅಮ್ಮನಿಗೆ ಬಿಪಿ ಇದ್ದರೆ ಬೇಡ. ಕೊನೆ ನೋಡಿ ನಮ್ಮಮ್ಮ ರಾತ್ರಿ ಊಟ ಬಿಟ್ಟರು. ಬದಲಿಗೆ 'ಅಯ್ಯನ ಮನೆ' ವೆಬ್ ಸೀರೀಸ್ ಹಾಕಿ, 2025ರಲ್ಲಿ ಜೀ5ನಲ್ಲಿ ಬಂದಿದ್ದು. ಕಂತುಗಳು ಚಿಕ್ಕವು, ಕುಕ್ಕರ್ ಕೂಗುವುದರೊಳಗೆ ಒಂದು ಮುಗಿಯುತ್ತದೆ. 'ದಿಯಾ'ದ ಖುಷಿ ರವಿ ಇದ್ದಾರೆ. ಸೊಸೆಯಂದಿರು ಒಬ್ಬೊಬ್ಬರಾಗಿ ಸಾಯುವ ಮನೆ. ನಮ್ಮಮ್ಮನ ವಿಮರ್ಶೆ: "ವಿಚಾರಿಸದೆ ಹೆಣ್ಣು ಕೊಟ್ಟವರನ್ನು ಹೇಳಬೇಕು." ನನಗೆ ಕೊನೆ ಸ್ವಲ್ಪ ಅವಸರ ಅನ್ನಿಸಿತು, ಅವರಿಗೆ ಹಾಗೇನೂ ಇಲ್ಲ.

ಈ ಭಾನುವಾರ ಇಷ್ಟು ಮಾಡಿ ನೋಡಿ. ಸೆಟ್ಟಿಂಗ್ ಸಿಗದಿದ್ದರೆ ಟಿವಿ ಮೆನು ಫೋಟೋ ಇಲ್ಲೇ ಹಾಕಿ, ಎಲ್ಲಿ ಒತ್ತಬೇಕು ಹೇಳುತ್ತೇನೆ. ಕವರ್ ಇದ್ದರೆ ಅಮ್ಮನನ್ನು ಕೇಳಿಯೇ ತೆಗೆಯಿರಿ, ನಾನು ಕೇಳದೆ ತೆಗೆದು ಬೈಸಿಕೊಂಡಿದ್ದೇನೆ.