ಅವರು ನಿಮಗೆ ಏನಾಗಬೇಕು?

ಪ್ರಶ್ನೆ: ಸಾಗರ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 35. ಮದುವೆಯಾಗಿ ಈ ಊರಿಗೆ ಬಂದಾಗ ನನಗೆ 19. ತವರು ನೆನಪಾಗಿ ಹಿತ್ತಿಲಿನಲ್ಲಿ ಅಳುತ್ತಾ ನಿಂತಿದ್ದವಳನ್ನು ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ ಕರೆದರು. ಅಕ್ಕಿ ಅರೆದ ಬಿಳಿ ಬಣ್ಣದ ಗರಟೆಯನ್ನು ಕೈಗೆ ಕೊಟ್ಟು, "ಇದನ್ನು ಹಿಡಿದುಕೊಂಡು ಕೂತಿರು" ಎಂದರು. ಅಂದಿನಿಂದ ಅವರ ಪಕ್ಕದಲ್ಲೇ ಕೂತು, ನಮ್ಮ ಕಡೆ ಗೋಡೆ, ಬುಟ್ಟಿಗಳ ಮೇಲೆ ಬರೆಯುವ ಚಿತ್ತಾರ ಕಲಿತೆ. ನನಗಿಂತ 30 ವರ್ಷ ದೊಡ್ಡವರಾದರೂ ನನಗಿದ್ದ ಒಬ್ಬಳೇ ಗೆಳತಿ. ಎಷ್ಟೋ ಮದುವೆ ಮನೆಗಳ ಹಸೆಗೋಡೆ ಬರೆದವರು, ಯಾರ ಹತ್ತಿರವೂ ಕೇಳಿ ಹಣ ಪಡೆದವರಲ್ಲ. ಕಳೆದ ಡಿಸೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಡಿಕೆ ಕೊಯ್ಲು ನಡೆದಿದ್ದರಿಂದ ಕೊನೆಯ ವಾರ ಆಸ್ಪತ್ರೆಗೆ ಹೋಗಲಿಲ್ಲ. ಅವರು ಹೋದ ಮರುದಿನವೂ ಅಡಿಕೆ ಸುಲಿಯಲು ಕೂತೆ. ನನಗೆ ಸೂತಕವೂ ಇಲ್ಲವಲ್ಲ. "ನಿನ್ನ ಅಮ್ಮ ಹೋದಾಗಲೂ ಇಷ್ಟು ಅತ್ತಿರಲಿಲ್ಲ" ಎನ್ನುತ್ತಾರೆ ಗಂಡ. ಮನೆ, ತೋಟದ ಕೆಲಸ ಎಲ್ಲ ಸಾಗುತ್ತಿದೆ. ಕುಂಚ ಮಾತ್ರ ಮುಟ್ಟಲಾಗುತ್ತಿಲ್ಲ.

ಭೂಮಿ ಹುಣ್ಣಿಮೆಯಂದು ಚರಗವನ್ನು, ಅಂದರೆ ಭೂಮಿಗೆ ಬಡಿಸುವ ಎಡೆಯನ್ನು, ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿ, ಅವರು ಅರ್ಧ ಬರೆದದ್ದು, ನನ್ನ ಬಳಿ ಇದೆ. ಹೋದ ವರ್ಷ ಹಬ್ಬದ ಮುಂಚೆ ಕೈ ನಡುಗಿ, "ಉಳಿದದ್ದು ನೀನು ಬರೆ" ಎಂದು ಕೊಟ್ಟಿದ್ದರು. ನನ್ನಿಂದಾಗಲಿಲ್ಲ. ಚರಗ ಹಳೆಯ ಬುಟ್ಟಿಯಲ್ಲೇ ಗದ್ದೆಗೆ ಹೋಯಿತು. ಈಗ ಬೆಂಗಳೂರಿನಲ್ಲಿರುವ ಅವರ ಮಗಳು, "ಬುಟ್ಟಿಯನ್ನು ಹಾಗೆಯೇ ಕೊಡಿ, ಅಮ್ಮನ ನೆನಪಿಗೆ ಇಟ್ಟುಕೊಳ್ಳುತ್ತೇನೆ" ಎನ್ನುತ್ತಾಳೆ. ಅಕ್ಕ ಹೇಳಿದ ಮಾತನ್ನು ಅವಳಿಗೆ ಹೇಳಿಲ್ಲ, ನೊಂದುಕೊಂಡಾಳು ಎಂದು ಭಯ. ಬುಟ್ಟಿ ಪೂರ್ತಿ ಮಾಡಿ ಈ ಬಾರಿ ಗದ್ದೆಗೆ ಕಳಿಸಲೇ, ಅಥವಾ ಕೊಟ್ಟುಬಿಡಲೇ?

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಮೂರು ದಿನ ಮೇಜಿನ ಮೇಲಿಟ್ಟುಕೊಂಡು ಓದಿದೆ. ಓದಿದಾಗಲೆಲ್ಲ ನಿಂತದ್ದು ಒಂದೇ ಸಾಲಿನಲ್ಲಿ. "ನನಗೆ ಸೂತಕವೂ ಇಲ್ಲವಲ್ಲ."

ನನಗೆ ಬರೆಯಲು ಕಲಿಸಿದ ಹಿರಿಯ ಗೆಳತಿಯೊಬ್ಬರಿದ್ದರು, ಇಲ್ಲೇ ಶಿವಮೊಗ್ಗದಲ್ಲಿ. ನನ್ನ ಮೊದಲ ಬರಹಗಳ ಅಂಚಿನಲ್ಲೆಲ್ಲ ಅವರ ಪೆನ್ಸಿಲ್ ಗುರುತುಗಳಿವೆ. ಅವರು ಹೋದ ದಿನ ಜುಲೈ ತಿಂಗಳ ಜಡಿಮಳೆ. ಕೊಡೆ ಹಿಡಿದುಕೊಂಡು ಅವರ ಮನೆಯ ಗೇಟಿನ ಬಳಿ ನಿಂತೆ. ಒಳಗೆ ಹೋಗಿ ಹೆಂಗಸರ ನಡುವೆ ಕೂರಬೇಕೋ, ಹೊರಗೇ ನಿಲ್ಲಬೇಕೋ ತಿಳಿಯಲಿಲ್ಲ. ಅವರ ಕಡೆಯ ನೆಂಟರೊಬ್ಬರು ಬಂದು ಮೃದುವಾಗಿಯೇ ಕೇಳಿದರು: "ಅವರು ನಿಮಗೆ ಏನಾಗಬೇಕು?" ಬಾಯಿಗೆ ಬಂದ ಉತ್ತರ "ಪರಿಚಯದವರು" ಎಂದು. ಆ ಮಾತು ಇಂದಿಗೂ ಎದೆಯಲ್ಲಿ ಮುಳ್ಳಿನಂತೆ ಇದೆ. ಅತ್ತೆ, ಚಿಕ್ಕಮ್ಮ, ನಾದಿನಿ, ಓರಗಿತ್ತಿ ಎಂದು ಸಂಬಂಧಕ್ಕೊಂದು ಹೆಸರಿರುವ ನಮ್ಮ ಮಾತಿನಲ್ಲಿ ನನ್ನನ್ನು ನಾನಾಗಿಸಿದವರನ್ನು ಏನೆಂದು ಕರೆಯಲಿ ಎಂದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

ಸೂತಕವನ್ನು ಮೈಲಿಗೆಯ ಲೆಕ್ಕದಲ್ಲಷ್ಟೇ ನೋಡುತ್ತೇವೆ. ಅದು ಅಳುವವರಿಗೆ ಕೊಟ್ಟ ರಜೆಯೂ ಹೌದು. ಆ ದಿನಗಳಲ್ಲಿ ಅವರು ದೇವರ ಮುಂದೆ ದೀಪ ಹಚ್ಚಬೇಕಿಲ್ಲ, ಹಬ್ಬ ಮಾಡಬೇಕಿಲ್ಲ, ಯಾರ ಮುಂದೆಯೂ ನಗಬೇಕಿಲ್ಲ. ನೆರೆಯವರು ಅನ್ನ ತಂದುಕೊಡುತ್ತಾರೆ, ಬಂದವರು ಹೋದವರ ಮಾತನ್ನೇ ಆಡುತ್ತಾರೆ. ನಿಮಗೆ ಆ ರಜೆ ಸಿಗಲಿಲ್ಲ. ಮರುದಿನವೇ ಮೆಟ್ಟುಗತ್ತಿಯ ಮುಂದೆ ಕೂತಿರಿ. ಅಮ್ಮ ಹೋದಾಗ ನಿಮ್ಮೊಂದಿಗೆ ಅಳಲು ತವರಿನವರೆಲ್ಲ ಇದ್ದರು. ಅಕ್ಕ ಹೋದಾಗ ನೀವು ಒಬ್ಬರೇ ಅತ್ತಿರಿ, ಒಂಬತ್ತು ತಿಂಗಳಾದರೂ ಅಳು ಮುಗಿದಿಲ್ಲ. ಇದನ್ನು ನಿಮ್ಮ ಗಂಡನಿಗೆ ಹೀಗೆಯೇ ಹೇಳಿ ನೋಡಿ. ಅವರ ಮಾತಿನಲ್ಲಿ ನನಗೆ ಕೇಳಿಸಿದ್ದು ಅರ್ಥವಾಗದವರ ಗಾಬರಿ, ಆಕ್ಷೇಪವಲ್ಲ. ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಇಂಥ ದುಃಖದ ಬಗೆಗೇ ಒಂದು ಪುಸ್ತಕ ತಂದರು. ಸುತ್ತಲಿನವರು ದುಃಖವೆಂದು ಒಪ್ಪದ, ಹಕ್ಕು ಕೊಡದ ದುಃಖ ಎಂಬ ಅರ್ಥದ ಹೆಸರನ್ನೂ ಅದಕ್ಕೆ ಕೊಟ್ಟರು. ಗೆಳೆಯರು, ಶಿಷ್ಯರು, ಸಹೋದ್ಯೋಗಿಗಳು ಇಂಥ ದುಃಖವನ್ನು ಒಳಗೇ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾರೆ.

ಆಸ್ಪತ್ರೆಗೆ ಹೋಗದ್ದರ ಬಗ್ಗೆ ನಿಮ್ಮನ್ನು ಸಮಾಧಾನಪಡಿಸಲು ಸುಳ್ಳು ಹೇಳಲಾರೆ. ಹೋಗಿದ್ದರೆ ಚೆನ್ನಾಗಿತ್ತು. ಆದರೆ ಕೊಯ್ಲಿಗೆ ಆಳು ಸಿಕ್ಕ ದಿನ ಮನೆ ಬಿಡಲಾಗದು ಎಂಬುದು ಮಲೆನಾಡಿನಲ್ಲಿ ಬಾಳಿದ ಯಾವ ಹೆಂಗಸಿಗೂ ಗೊತ್ತು, ನಿಮ್ಮ ಅಕ್ಕನಿಗಂತೂ ಗೊತ್ತಿದ್ದಿರಲೇಬೇಕು. ಅವರ ಜೊತೆ ಕಳೆದ 16 ವರ್ಷಗಳನ್ನು ಆ ಒಂದು ವಾರದ ತಕ್ಕಡಿಯಲ್ಲಿ ತೂಗಬೇಡಿ.

ಇನ್ನು ಬುಟ್ಟಿ. ಪತ್ರ ಓದಿದ ಮೊದಲ ದಿನ ನನಗೆ ಅನ್ನಿಸಿದ್ದು, ಪೂರ್ತಿ ಮಾಡಿ ಎಂದು ಬರೆಯಬೇಕು ಅಂತಲೇ. ಅವರೇ ಬಾಯಿಬಿಟ್ಟು ಹೇಳಿದ್ದಾರೆ, ಇನ್ನೇನು ಬೇಕು? ಆದರೆ ನಿಮ್ಮ ಕಡೆಯ ಒಂದು ಹಳ್ಳಿಯಲ್ಲಿ ಭೂಮಣ್ಣಿ ಬುಟ್ಟಿ ಬರೆಯುವುದನ್ನು ಒಮ್ಮೆ ಇಡೀ ಮಧ್ಯಾಹ್ನ ಕೂತು ನೋಡಿದ್ದು ನೆನಪಾಯಿತು. ಬಿದಿರಿನ ಬುಟ್ಟಿಗೆ ಸೆಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದಿದ್ದರು. ಆ ತಾಯಿ ಪುಂಡಿನಾರಿನ ಕುಂಚವನ್ನು ಅಕ್ಕಿಯ ಬಿಳುಪಿನಲ್ಲಿ ಅದ್ದಿ, ಕಿರುಬೆರಳನ್ನು ಬುಟ್ಟಿಗೆ ಆನಿಸಿ, ಉಸಿರು ಹಿಡಿದು ಒಂದು ಎಳೆ ಎಳೆದರು. ಅಳತೆಪಟ್ಟಿ ಇಲ್ಲ, ಮೊದಲೇ ಹಾಕಿಕೊಂಡ ಗುರುತಿಲ್ಲ. ಎಳೆ ಮುಗಿದ ಮೇಲೆಯೇ ಉಸಿರು ಬಿಟ್ಟರು. ಪಕ್ಕದಲ್ಲಿ ಸೊಸೆ ಬರೆಯುತ್ತಿದ್ದಳು. ಅದೇ ಬಣ್ಣ, ಅದೇ ನಾರು, ಆದರೂ ಯಾವ ಎಳೆ ಯಾರದೆಂದು ನನ್ನಂಥ ಹೊರಗಿನವಳಿಗೂ ತಿಳಿಯುತ್ತಿತ್ತು. ಅತ್ತೆಯ ಎಳೆ ತುದಿಯಲ್ಲಿ ಕೊಂಚ ಸಣ್ಣಗಾಗುತ್ತಿತ್ತು, ಸೊಸೆಯದು ಕೊನೆಯವರೆಗೂ ಒಂದೇ ದಪ್ಪ.

ಆ ಬುಟ್ಟಿಯಲ್ಲಿ ಅಕ್ಕನ ಕೈ ಎಲ್ಲಿ ನಿಂತಿತು ಎಂಬುದು ಕಾಣುತ್ತದೆ, ಅಲ್ಲವೇ? ನಡುಗಿದ ಕಡೆಯ ಎಳೆಯೂ ಕಾಣುತ್ತಿರಬೇಕು. ಮಗಳು ಕೇಳುತ್ತಿರುವುದು ಅದನ್ನೇ. ಅವಳು ಚಿತ್ತಾರ ಕಲಿತಳೇ ಎಂದು ನೀವು ಬರೆದಿಲ್ಲ. ಓದಿಗೂ ಕೆಲಸಕ್ಕೂ ಊರು ಬಿಟ್ಟ ನಮ್ಮ ಎಷ್ಟೋ ಹೆಣ್ಣುಮಕ್ಕಳಂತೆ ಕಲಿತಿರಲಾರಳು ಎಂದುಕೊಂಡಿದ್ದೇನೆ. ಅವಳ ಅಮ್ಮನ ಪಕ್ಕದಲ್ಲಿ ಅವಳಿಗಿಂತ ಹೆಚ್ಚು ಮಧ್ಯಾಹ್ನಗಳನ್ನು ಕಳೆದವರು ನೀವು. ಅದು ಅವಳಿಗೂ ಗೊತ್ತು, ಒಳಗೊಳಗೇ ನೋಯುತ್ತಲೂ ಇರಬಹುದು. ಕಿರುಬೆರಳನ್ನು ಎಲ್ಲಿ ಆನಿಸಬೇಕು, ಕಪ್ಪಿಗೆ ಅಕ್ಕಿಯನ್ನು ಎಷ್ಟು ಕರಿಯಾಗುವ ತನಕ ಹುರಿಯಬೇಕು, ಗುರಿಗೆ ಎಂಬ ಕಾಯಿಯ ಹಳದಿಯನ್ನು ಹೇಗೆ ತೆಗೆಯಬೇಕು ಎಂಬುದೆಲ್ಲ ನಿಮ್ಮ ಕೈಯಲ್ಲಿದೆ. ಅವಳ ಪಾಲಿಗೆ ಉಳಿದಿರುವುದು ಆ ಒಂದು ಬುಟ್ಟಿ. ಕೊಟ್ಟುಬಿಡಿ ತಂಗಿ. ನಿಮಗೆ ಕಷ್ಟವಾಗುತ್ತದೆಂದು ಬಲ್ಲೆ, ಆದರೂ ಹೇಳುತ್ತೇನೆ.

ಕೊಡುವಾಗ ಅಕ್ಕ ಹೇಳಿದ ಮಾತನ್ನೂ ಹೇಳಿ. ಅದನ್ನು ಬಚ್ಚಿಟ್ಟು ಬುಟ್ಟಿ ಮಾತ್ರ ಕೊಟ್ಟರೆ ನಿಮ್ಮೊಳಗೆ ಅಸಮಾಧಾನ ಹೊಗೆಯಾಡುತ್ತಲೇ ಇರುತ್ತದೆ. ಹಕ್ಕು ಕೇಳುವ ದನಿ ಬೇಡ. "ಅಮ್ಮ ನನಗೆ ಹೀಗೆ ಹೇಳಿದ್ದರು, ನಾನು ಬರೆಯಲಾಗದೇ ಹೋದೆ, ಇದು ನಿನ್ನ ಬಳಿ ಇರಲಿ" ಎಂದರೆ ಸಾಕು. ಮಗಳು ಅಳಬಹುದು. ಜೊತೆಗೆ ನೀವೂ ಅತ್ತುಬಿಡಿ. ಅವಳಿಗೆ ಸಿಕ್ಕ ಸೂತಕದ ದಿನಗಳಲ್ಲಿ ನಿಮಗೂ ಒಂದು ಪಾಲು ತಡವಾಗಿ ಸಿಕ್ಕಂತಾಗುತ್ತದೆ. ಒಂದು ವೇಳೆ ಅವಳೇ "ನೀವೇ ಬರೆದು ಮುಗಿಸಿ ಅಕ್ಕಾ" ಎಂದರೆ ಆಗಿನ ಮಾತು ಬೇರೆ. ಆದರೆ ಆ ಆಸೆ ಇಟ್ಟುಕೊಂಡು ಹೋಗಬೇಡಿ.

ಗದ್ದೆಗಂತೂ ಬುಟ್ಟಿ ಬೇಕು. ಭತ್ತ ಹೊಡೆ ತುಂಬುವ ಹೊತ್ತಿಗೆ ಬಸುರಿ ಭೂಮಿಗೆ ಬಯಕೆ ಬಡಿಸುವ ಹಬ್ಬ ಇದು, ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಈ ವರ್ಷ ಒಂದು ಹೊಸ ಬುಟ್ಟಿ ತರಿಸಿ. ಕುಂಚ ಮುಟ್ಟಲಾಗುತ್ತಿಲ್ಲ ಎಂದಿರಿ. ಮೊದಲ ದಿನ ಮುಟ್ಟಲೇಬೇಡಿ, ಕೆಮ್ಮಣ್ಣು ಬಳಿದು ಒಣಗಲು ಇಡಿ, ಅಷ್ಟೇ. ಮರುದಿನ ಅಕ್ಕಿ ನೆನೆಸಿ ಅರೆಯಿರಿ. ಆ ಬಣ್ಣ ಗರಟೆಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ಹುಳಿಯುತ್ತದೆ. ಅರೆದ ಮೇಲೆ ಕೈ ತಾನಾಗಿ ಕುಂಚದ ಕಡೆಗೆ ಹೋದೀತು. ಎಳೆ ವಕ್ರವಾದರೆ ಆಗಲಿ. ಅಕ್ಕನಂತೆಯೇ ಬರೆಯಬೇಕೆಂಬ ಹಟ ಬೇಡ. 16 ವರ್ಷದ ಅಭ್ಯಾಸ ನಿಮ್ಮ ಕೈಗೂ ಒಂದು ರೀತಿ ಕೊಟ್ಟಿರುತ್ತದೆ, ಅದನ್ನು ಅವರು ನೋಡಿಯೇ ಬುಟ್ಟಿಯನ್ನು ನಿಮ್ಮ ಕೈಗೆ ಕೊಟ್ಟದ್ದು.

ನೀವು ದಿನದ ಕೆಲಸ ನಡೆಸಿಕೊಂಡು ಹೋಗುತ್ತಿದ್ದೀರಿ, ಆದ್ದರಿಂದ ನಿಮ್ಮದು ಕಾಯಿಲೆ ಎಂದು ನನಗೆ ಅನ್ನಿಸುವುದಿಲ್ಲ. ಆದರೂ ಒಂದು ಮಾತು. ಸಾವು ಸಂಭವಿಸಿ ಆರು ತಿಂಗಳು ದಾಟಿದ ಮೇಲೂ ಬದುಕನ್ನೇ ನಿಲ್ಲಿಸುವಷ್ಟು ತೀವ್ರವಾಗಿರುವ ದುಃಖಕ್ಕೆ ಚಿಕಿತ್ಸೆ ಬೇಕು ಎನ್ನುತ್ತದೆ ಇಂದಿನ ವೈದ್ಯಶಾಸ್ತ್ರ. ಊಟ, ನಿದ್ದೆ ಬಿಟ್ಟುಹೋದರೆ, ಬದುಕುವುದೇ ಬೇಡ ಎನ್ನಿಸಿದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ವಿಜಯದಶಮಿಯಿಂದ ಹುಣ್ಣಿಮೆಗೆ ಇರುವುದು ಐದೇ ದಿನ. ಬುಟ್ಟಿಯನ್ನು ಪಾರ್ಸೆಲ್ ಮಾಡಬೇಡಿ, ಬಂದು ತೆಗೆದುಕೊಂಡು ಹೋಗು ಎಂದು ಮಗಳನ್ನು ಹಬ್ಬಕ್ಕೇ ಕರೆಯಿರಿ. ಹಿಂದಿನ ರಾತ್ರಿ ನಿಮ್ಮ ಜೊತೆ ಅಡುಗೆಗೆ ಕೂರಲಿ. ನೀವು ಹೊಸ ಬುಟ್ಟಿಗೆ ಕೊನೆಯ ಎಳೆಗಳನ್ನು ಎಳೆಯುವಾಗ ಗರಟೆಯನ್ನು ಅವಳ ಕೈಗೆ ಕೊಡಿ. ಬೆಳಕು ಹರಿಯುವ ಮುನ್ನ ಚರಗ ಅವಳ ಅಮ್ಮನ ಗದ್ದೆಗೂ ಹೋಗಲಿ. ಇವತ್ತು ಸಂಜೆಯೇ ಫೋನ್ ಮಾಡಿ. ದಸರಾ ರಜೆಯ ಹೊತ್ತಿನಲ್ಲಿ ತಾಳಗುಪ್ಪ ರೈಲಿನಲ್ಲಿ ಸೀಟು ಬೇಗ ಮುಗಿದುಹೋಗುತ್ತದೆ.