ಅಟ್ಟದಿಂದ ಇಳಿಸಿದ ಹಳೇ ಟಿವಿ ಗೇಮ್ ಮತ್ತೆ ಓಡುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಊರಿನ ಮನೆಯ ಅಟ್ಟದಲ್ಲಿ 90ರ ದಶಕದ ಟಿವಿ ಗೇಮ್ ಸಿಕ್ಕಿದೆ. ಜೊತೆಗೆ ಎರಡು ಕಂಟ್ರೋಲರ್, ಒಂದು ಗನ್, ನಾಲ್ಕು ಕ್ಯಾಸೆಟ್. ಸ್ವಿಚ್ ಹಾಕಿದರೆ ಕೆಂಪು ಲೈಟ್ ಹತ್ತುತ್ತದೆ, ಎಲ್‌ಇಡಿ ಟಿವಿಯಲ್ಲಿ ಚಿತ್ರ ಬರುವುದಿಲ್ಲ. ರಿಪೇರಿ ಅಂಗಡಿಯಲ್ಲಿ "ಇದು ಡೂಪ್ಲಿಕೇಟ್ ಮಾಲು, ಎಸೆದುಬಿಡಿ" ಅಂದಿದ್ದಾರೆ. ಎಸೆಯಬೇಕಾ, ಇಟ್ಟುಕೊಳ್ಳಬೇಕಾ?

ದಯವಿಟ್ಟು ಎಸೆಯಬೇಡಿ. ನಾನು ಇಂಥ ಗೇಮ್‌ಗಳನ್ನು ಹುಡುಕಿ ತಂದು ಸರಿ ಮಾಡಲು ಶುರು ಮಾಡಿ ಹತ್ತು ವರ್ಷದ ಮೇಲಾಯಿತು. ನನ್ನ ಕೈಗೆ ಬಂದವುಗಳಲ್ಲಿ ಒಳಗಿನ ಮುಖ್ಯ ಚಿಪ್ ಸತ್ತಿದ್ದು ತೀರಾ ಕಡಿಮೆ. ಕೆಟ್ಟಿರುವುದು ಸಾಮಾನ್ಯವಾಗಿ ಕೈ ತಾಗುವ ಜಾಗಗಳೇ. ಅಡಾಪ್ಟರ್, ವೈರು, ಕ್ಯಾಸೆಟ್ ಕೂರುವ ಬಾಯಿ, ಬಟನ್ ಕೆಳಗಿನ ರಬ್ಬರ್. ಅದಕ್ಕೇ ಹೊರಗಿನಿಂದ ಶುರು ಮಾಡಿ ಒಳಗೆ ಹೋಗಬೇಕು. ಮೊದಲ ದಿನವೇ ಬೋರ್ಡಿಗೆ ಕಾದ ಸೋಲ್ಡರಿಂಗ್ ಐರನ್ ಮುಟ್ಟಿಸಿದರೆ ಸರಿ ಇದ್ದದ್ದೂ ಕೆಡುತ್ತದೆ.

ಮೊದಲು ಆ "ಡೂಪ್ಲಿಕೇಟ್" ಮಾತಿಗೆ ಬರುತ್ತೇನೆ. ನಿಂಟೆಂಡೊ ಕಂಪನಿ ಜಪಾನಿನಲ್ಲಿ 1983ರ ಜುಲೈ 15ರಂದು ಫ್ಯಾಮಿಕಾಮ್ ಅನ್ನುವ ಟಿವಿ ಗೇಮ್ ಬಿಡುಗಡೆ ಮಾಡಿತು. ಅದಕ್ಕೆ ಹೊಂದುವ ಚಿಪ್‌ಗಳನ್ನು ಆಮೇಲೆ ತೈವಾನಿನ ಯುಎಂಸಿ ಮುಂತಾದವರು ತಯಾರಿಸಿದರು. ನಮ್ಮ ಕಡೆ ಲಿಟಲ್ ಮಾಸ್ಟರ್, ಮೀಡಿಯಾ ಅಂತೆಲ್ಲ ಹೆಸರು ಹೊತ್ತು ಮನೆಗೆ ಬಂದ ಪೆಟ್ಟಿಗೆಗಳು ಈ ವಂಶದವು. ನಕಲು ಹೌದು. ಆದರೆ ಸುಮ್ನೆ ಕಣ್ಣು ಮುಚ್ಚಿ ಮಾಡಿದ ನಕಲಲ್ಲ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸುತ್ತಿತ್ತು. ನಮ್ಮದು ಪಾಲ್ ಪದ್ಧತಿ, 50 ಸಲ. ಮೂಲ ಯಂತ್ರದಲ್ಲಿ ಪ್ರೊಸೆಸರ್ ಒಂದು ಹೆಜ್ಜೆ ಇಟ್ಟರೆ ಚಿತ್ರದ ಚಿಪ್ ಮೂರು ಚುಕ್ಕೆ ಬಿಡಿಸುತ್ತದೆ. ನಿಂಟೆಂಡೊ ಸ್ವತಃ ಮಾಡಿದ ಪಾಲ್ ಯಂತ್ರದಲ್ಲಿ ಆ ಲೆಕ್ಕ 3.2 ಆಯಿತು. ಹಾಗಾಗಿ ಜಪಾನಿನ ಕೆಲವು ಆಟಗಳ ಚಿತ್ರ ಅದರಲ್ಲಿ ಕಲಸಿಹೋಗುತ್ತಿತ್ತು. ಯುಎಂಸಿಯವರ ಪಾಲ್ ಚಿಪ್‌ಗಳು 50 ಸಲಕ್ಕೆ ಹೊಂದಿಕೊಂಡೂ ಆ ಮೂರರ ಲೆಕ್ಕವನ್ನು ಉಳಿಸಿಕೊಂಡವು. ಜಪಾನಿಗೆಂದು ಬರೆದ ಆಟ ನಮ್ಮ ದಾವಣಗೆರೆ ಮನೆಯ ಟಿವಿಯಲ್ಲಿ ಓಡಿದ್ದು ಇದರಿಂದ. ಇದನ್ನು ಕಸ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಅಡಾಪ್ಟರ್. ಲೈಟ್ ಹತ್ತಿದ ಮಾತ್ರಕ್ಕೆ ಕರೆಂಟ್ ಸಾಕಷ್ಟು ಬರುತ್ತಿದೆ ಅಂತ ಅಲ್ಲ. ಆ ಪುಟ್ಟ ಲೈಟಿಗೆ ಬೇಕಾಗುವುದು ತುಂಬಾ ಕಡಿಮೆ. ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ತನ್ನಿ. ಹಳೇ ಕಾಲದ ತೂಕದ ಅಡಾಪ್ಟರ್ ಮೇಲೆ 9 ವೋಲ್ಟ್ ಅಂತ ಬರೆದಿದ್ದರೂ ಬರೀ ಅಳೆದರೆ 12, 13 ತೋರಿಸಬಹುದು. ಅದಕ್ಕೆ ಹೆದರಬೇಡಿ. ಗೇಮ್ ಆನ್ ಇದ್ದಾಗ ಎಷ್ಟು ಉಳಿಯುತ್ತದೆ ನೋಡಿ. ಒಳಗೆ 7805 ಅನ್ನುವ ಮೂರು ಕಾಲಿನ ರೆಗ್ಯುಲೇಟರ್ ಇರುತ್ತದೆ, ಬೆನ್ನಿಗೆ ಲೋಹದ ತಗಡು. ಅದು ಬಂದ ವೋಲ್ಟೇಜನ್ನು 5ಕ್ಕೆ ಇಳಿಸುತ್ತದೆ. ಆದರೆ ಅದಕ್ಕೆ ಕನಿಷ್ಠ 7 ಆದರೂ ಸಿಗಬೇಕು. ಬರಹ ನಿಮ್ಮ ಕಡೆ ಬರುವಂತೆ ನೋಡಿದರೆ ಎಡಗಾಲು ಒಳಬರುವುದು, ನಡುವಿನದು ಗ್ರೌಂಡ್, ಬಲಗಾಲು ಹೊರಹೋಗುವುದು. ಬಲಗಾಲಲ್ಲಿ 5ರ ಆಸುಪಾಸು ಬಂದರೆ ನಿಶ್ಚಿಂತೆ. ಬರದಿದ್ದರೆ ಹೊಸ 7805 ಹಾಕಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಕಾಫಿಗಿಂತ ಜಾಸ್ತಿ ಖರ್ಚಾಗುವ ವಸ್ತು ಅಲ್ಲ.

ಇಲ್ಲಿ ಒಂದು ಎಚ್ಚರಿಕೆ. ಜಪಾನಿನ ಮೂಲ ಫ್ಯಾಮಿಕಾಮ್‌ಗೆ ಬೇಕಾಗಿದ್ದು 10 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್. ಅದರದೇ ಅಮೆರಿಕದ ರೂಪವಾದ ಎನ್‌ಇಎಸ್‌ನ ಅಡಾಪ್ಟರ್ ಕೊಡುತ್ತಿದ್ದದ್ದು ಎಸಿ. ನಮ್ಮ ನಕಲುಗಳಲ್ಲಿ ನಡುವೆ ಪ್ಲಸ್ ಇರುವವೂ ಇವೆ, ಮೈನಸ್ ಇರುವವೂ ಇವೆ. ಶುರುವಿನಲ್ಲಿ ನಾನು ಗೆಳೆಯನ ಗೇಮಿಗೆ ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಿದೆ. ಪಿನ್ ಸರಿಯಾಗಿ ಕೂತಿತು, ಆದರೆ ಪ್ಲಸ್ ಮೈನಸ್ ಉಲ್ಟಾ. ಎರಡು ಸೆಕೆಂಡಿನಲ್ಲಿ ಸುಟ್ಟ ವಾಸನೆ ಬಂತು. ಅದು ಅವನ ಅಪ್ಪ ಕೊಡಿಸಿದ್ದ ಗೇಮ್. ಅವರು ಈಗಿಲ್ಲ. ಅವನು ಏನೂ ಅನ್ನಲಿಲ್ಲ, ನನಗೆ ಮಾತ್ರ ಇವತ್ತಿಗೂ ಮರೆಯಲು ಆಗಿಲ್ಲ. ಅಂದಿನಿಂದ ಪ್ರತಿ ಗೇಮಿನ ತಳಕ್ಕೂ ವೋಲ್ಟೇಜು, ಪ್ಲಸ್ ಮೈನಸ್ ಬರೆದ ಚೀಟಿ ಅಂಟಿಸುತ್ತೇನೆ. ನೀವೂ ಹಾಗೇ ಮಾಡಿ.

ಕರೆಂಟ್ ಸರಿ ಇದ್ದರೆ ಮುಂದಿನದು ಕ್ಯಾಸೆಟ್. ಫ್ಯಾಮಿಕಾಮ್ ಮಾದರಿಯ ಕ್ಯಾಸೆಟ್‌ಗೆ 60 ಪಿನ್, ಒಂದೊಂದು ಬದಿಗೆ 30. ಅದರಲ್ಲಿ ಒಂದಕ್ಕೆ ಕೊಳೆ ಕೂತರೂ ಪರದೆ ಬೆಳ್ಳಗೋ ಕಪ್ಪಗೋ ನಿಂತುಬಿಡುತ್ತದೆ. ನಾವೆಲ್ಲ ಉಫ್ ಅಂತ ಊದುತ್ತಿದ್ದೆವು, ಅಲ್ವಾ? ಈಗ ಊದಬೇಡಿ. ಬಾಯಿಯ ತೇವ ತಾಮ್ರಕ್ಕೆ ತಾಗಿ ನಿಧಾನವಾಗಿ ಕಿಲುಬು ಹಿಡಿಸುತ್ತದೆ. ಊದಿದಾಗ ಓಡುತ್ತಿದ್ದದ್ದು ಬಹುಪಾಲು ತೆಗೆದು ಮತ್ತೆ ಚುಚ್ಚಿದ್ದರಿಂದ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಿವಿ ಕಡ್ಡಿಯಿಂದ ಪಿನ್ನುಗಳನ್ನು ಒರೆಸಿ. ಹತ್ತಿ ಕಪ್ಪಾಗುವುದು ನಿಲ್ಲುವ ತನಕ ಒರೆಸಿ. ಹಟ ಮಾಡಿದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಮರಳು ಕಾಗದ ಬೇಡವೇ ಬೇಡ. ನಾಲ್ಕು ಕ್ಯಾಸೆಟ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ.

ಇನ್ನು ಟಿವಿ. ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಇಲ್ಲೇ ಇದೆ. ಗೇಮ್ ಸರಿಯೇ ಇರಬಹುದು, ಟಿವಿಗೆ ಅದನ್ನು ಹುಡುಕಲು ಬರುತ್ತಿಲ್ಲ. ಆಗ ಆಂಟೆನಾ ವೈರು ಚುಚ್ಚಿ, ಟ್ಯೂನರ್ ತಿರುಗಿಸಿ, ಮಳೆ ಸುರಿದಂಥ ಚುಕ್ಕೆಗಳ ನಡುವೆ ಆಟ ಹುಡುಕುತ್ತಿದ್ದೆವು. ಹೊಸ ಟಿವಿಯಲ್ಲಿ ಆ ಅನಲಾಗ್ ಹುಡುಕಾಟ ಸೆಟ್ಟಿಂಗ್ ಒಳಗೆ ಎಲ್ಲೋ ಅಡಗಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಮೊದಲು ಗೇಮಿನ ಹಿಂಭಾಗ ಅಥವಾ ಪಕ್ಕದಲ್ಲಿ ಹಳದಿ ಸಾಕೆಟ್ ಇದೆಯಾ ನೋಡಿ. ಇದ್ದರೆ ಚಿತ್ರ, ಶಬ್ದ ಬೇರೆ ಬೇರೆ ಒಯ್ಯುವ ಎವಿ ಕೇಬಲ್ ಚುಚ್ಚಿ, ಅಷ್ಟೇ. ಇಲ್ಲದಿದ್ದರೆ ನಾನು ಮನಸಾರೆ ಒಪ್ಪುವ ಒಂದೇ ಮಾರ್ಪಾಡು ಇದೆ, ಅದೇ ಎವಿ ಸಿಗ್ನಲ್ಲನ್ನು ಹೊರತರುವುದು.

ಪೆಟ್ಟಿಗೆ ಬಿಚ್ಚಿದರೆ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ತಗಡಿನ ಡಬ್ಬಿ ಕಾಣುತ್ತದೆ. ಅದು ಆರ್‌ಎಫ್ ಮಾಡ್ಯುಲೇಟರ್. ಅದರೊಳಗೆ 5 ವೋಲ್ಟ್, ಚಿತ್ರ, ಶಬ್ದ ಬೇರೆ ಬೇರೆ ತಂತಿಯಲ್ಲಿ ಹೋಗುತ್ತವೆ. ಚಿತ್ರ, ಶಬ್ದ ಒಂದಾಗಿ ಆಂಟೆನಾ ಸಿಗ್ನಲ್ ಆಗಿ ಹೊರಬರುತ್ತವೆ. ನಮಗೆ ಬೇಕಾಗಿದ್ದು ಅವು ಒಂದಾಗುವ ಮೊದಲಿನ ಸ್ಥಿತಿ. ಚಿತ್ರದ ತಂತಿಗೆ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್, ಒಂದೆರಡು ರೆಸಿಸ್ಟರ್, 220 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಸಾಕು. ಬೋರ್ಡಿನಲ್ಲಿ 40 ಕಾಲಿನ ಎರಡು ದೊಡ್ಡ ಚಿಪ್ ಇದ್ದರೆ ಚಿತ್ರದ ಚಿಪ್ಪಿನ 21ನೇ ಕಾಲಿನಿಂದ ನೇರವಾಗಿ ಚಿತ್ರ, ಪ್ರೊಸೆಸರ್‌ನ 1 ಮತ್ತು 2ನೇ ಕಾಲಿನಿಂದ ಶಬ್ದ ಸಿಗುತ್ತದೆ. ಹೊಸ ತೂತು ಕೊರೆಯಬೇಡಿ. ವೈರುಗಳನ್ನು ಹಳೇ ಆಂಟೆನಾ ಸಾಕೆಟ್ ಇದ್ದ ತೂತಿನಿಂದಲೇ ಹೊರತನ್ನಿ. ಬಿಚ್ಚಿದ ಭಾಗಗಳನ್ನು ಪುಟ್ಟ ಕವರಿನಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಡಿ. ನಾಳೆ ಯಾರಾದರೂ ಮೊದಲಿನಂತೆ ಮಾಡಲು ಬಯಸಿದರೆ ಆಗಬೇಕು. ಬಣ್ಣ ಬಳಿಯುವುದು, ಒಳಗಿನದನ್ನು ಕಿತ್ತು ಪುಟ್ಟ ಕಂಪ್ಯೂಟರ್ ತುಂಬುವುದು ನನಗೆ ಹಿಡಿಸುವುದಿಲ್ಲ. ಹೊರಚಿಪ್ಪು ಉಳಿಯುತ್ತದೆ, ಗೇಮ್ ಉಳಿಯುವುದಿಲ್ಲ. ಹಳದಿಯಾದ ಪ್ಲಾಸ್ಟಿಕ್ಕನ್ನು ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಆ ಹಳದಿ ಮರಳಿ ಬರಬಹುದು. ನಾನು ಹಾಗೇ ಬಿಡುತ್ತೇನೆ.

ಬೋರ್ಡಿನಲ್ಲಿ ಚಿಪ್ ಬದಲು ಕಪ್ಪು ಡಾಂಬರಿನಂಥ ಹನಿ ಕಂಡರೆ ಅದು ಎಲ್ಲವನ್ನೂ ಒಂದೇ ಚಿಪ್ಪಿಗೆ ತುಂಬಿದ ಆಮೇಲಿನ ಮಾದರಿ. ಆ ಹನಿಯೊಳಗೆ ಕೆಟ್ಟರೆ ಮಾಡುವುದಕ್ಕೆ ಏನೂ ಇಲ್ಲ.

ಕಂಟ್ರೋಲರ್ ಬಗ್ಗೆ. ಬಟನ್ ಕೆಲಸ ಮಾಡದಿದ್ದರೆ ಬಿಚ್ಚಿ, ರಬ್ಬರಿನ ಕಪ್ಪು ತುದಿಯನ್ನೂ ಬೋರ್ಡನ್ನೂ ಅದೇ ಆಲ್ಕೋಹಾಲ್‌ನಿಂದ ಒರೆಸಿ. ಒಂದೂ ಬಟನ್ ಕೆಲಸ ಮಾಡದಿದ್ದರೆ ವೈರು ತುಂಡಾಗಿದೆ ಅಂದುಕೊಳ್ಳಿ, ಸಾಮಾನ್ಯವಾಗಿ ಅದು ಕಂಟ್ರೋಲರ್ ಒಳಗೆ ಹೋಗುವ ಕುತ್ತಿಗೆಯಲ್ಲೇ. ಎಂಟು ಬಟನ್ನಿಗೆ ಇರುವುದು ಐದೇ ತಂತಿ. ಒಳಗಿನ 4021 ಜಾತಿಯ ಚಿಪ್ ಎಂಟರ ಸುದ್ದಿಯನ್ನೂ ಒಂದರ ಹಿಂದೆ ಒಂದು ಸಾಲಾಗಿ ಕಳಿಸುತ್ತದೆ. ಮೊದಲು ಎ, ಆಮೇಲೆ ಬಿ, ಸೆಲೆಕ್ಟ್, ಸ್ಟಾರ್ಟ್, ಮತ್ತೆ ನಾಲ್ಕು ದಿಕ್ಕು. ಹಾಗಾಗಿ ಅಗತ್ಯದ ಒಂದು ತಂತಿ ಕಡಿದರೂ ಎಲ್ಲಾ ನಿಲ್ಲುತ್ತದೆ. ಕುತ್ತಿಗೆಯ ಹತ್ತಿರ ಒಂದಿಂಚು ಕತ್ತರಿಸಿ ಮತ್ತೆ ಬೆಸೆದರೆ ಕಂಟ್ರೋಲರ್ ಹೊಸದರಂತೆ.

ಗನ್ ಮಾತ್ರ ನಿಮ್ಮ ಎಲ್‌ಇಡಿ ಟಿವಿಯಲ್ಲಿ ಓಡುವುದಿಲ್ಲ, ಅದು ಗನ್ನಿನ ತಪ್ಪಲ್ಲ. ಬಾತುಕೋಳಿ ಹೊಡೆಯುವ ಆಟದಲ್ಲಿ ಟ್ರಿಗರ್ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ತುದಿಯಲ್ಲಿರುವುದು ಬೆಳಕು ನೋಡುವ ಕಣ್ಣು. ಆ ಬಿಳಿ ಕಂಡರೆ ಗುರಿ ಸರಿ. ಹೊಸ ಟಿವಿ ಚಿತ್ರವನ್ನು ಒಳಗೇ ಸಂಸ್ಕರಿಸಿ ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಗನ್ ನೋಡಿ ಮುಗಿಸಿರುತ್ತದೆ. ಅದಕ್ಕೆ ಹಳೇ ದಪ್ಪ ಟಿವಿಯೇ ಬೇಕು. ಯಾರ ಮನೆಯಲ್ಲಾದರೂ ಬೇಡವೆಂದು ಇಟ್ಟಿದ್ದರೆ ಕೇಳಿ ತನ್ನಿ. ಆದರೆ ಅದರ ಹಿಂಬದಿ ಮಾತ್ರ ಬಿಚ್ಚಬೇಡಿ. ಬಣ್ಣದ ಟಿವಿ ಟ್ಯೂಬಿಗೆ ಹೋಗುವುದು 20 ಸಾವಿರ ವೋಲ್ಟಿಗೂ ಜಾಸ್ತಿ, ಪ್ಲಗ್ ತೆಗೆದ ಮೇಲೂ ಒಳಗೆ ಉಳಿದಿರಬಹುದು.

ಜೊತೆಗೆ ಸಂಗ್ರಹಿಸುವ ಆಸೆ ಹುಟ್ಟಿದರೆ ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರಿಗೆ ಬೆಳಿಗ್ಗೆ ಬೇಗ ಹೋಗಿ. ಗೇಮಿನ ಜೊತೆ ಡಬ್ಬಿ, ಥರ್ಮಾಕೋಲು, ಅಂಗಡಿ ಬಿಲ್ ಸಿಕ್ಕರೆ ಅದನ್ನೂ ಬಿಡಬೇಡಿ. ಜಪಾನಿನ ಮೂಲ ಯಂತ್ರವನ್ನು ಜೋಪಾನ ಮಾಡುವವರು ಜಗತ್ತಿನ ತುಂಬಾ ಇದ್ದಾರೆ. ನಮ್ಮ ಮನೆಗಳಿಗೆ ಬಂದ ಇವುಗಳನ್ನು ನಾವೇ ಇಟ್ಟುಕೊಳ್ಳಬೇಕು. ಇಡುವಾಗ ವೈರನ್ನು ಗೇಮಿನ ಮೇಲೆ ಸುತ್ತಬೇಡಿ. ವೈರಿನ ಪ್ಲಾಸ್ಟಿಕ್‌ನಿಂದ ಎಣ್ಣೆಯಂಥದ್ದು ಒಸರಿ ಪೆಟ್ಟಿಗೆಯನ್ನೇ ಕರಗಿಸಿ ಗೀರು ಮಾಡುತ್ತದೆ. ನಡುವೆ ಒಂದು ಕಾಗದ ಇಡಿ. ಮಲೆನಾಡು, ಕರಾವಳಿಯಲ್ಲಿದ್ದರೆ ಸಿಲಿಕಾ ಜೆಲ್ ಪೊಟ್ಟಣವೂ ಇರಲಿ.

ಈ ವಾರ ಬರೀ ಅಡಾಪ್ಟರ್ ಅಳೆದು, ಕ್ಯಾಸೆಟ್ ಒರೆಸಿ, ಹಳದಿ ಸಾಕೆಟ್ ಇದೆಯಾ ನೋಡಿ. ಆಗಲೂ ಚಿತ್ರ ಬರದಿದ್ದರೆ ಬೋರ್ಡಿನ ಎರಡು ದೊಡ್ಡ ಚಿಪ್ಪಿನ ಮೇಲಿನ ನಂಬರ್ ಓದಿ ಇಲ್ಲೇ ಬರೆಯಿರಿ. ಯುಎ6527ಪಿ, ಯುಎ6538 ಅಂತ ಇದ್ದರೆ ನಾನು ಹೇಳಿದ ಆ ಪಾಲ್ ಜೋಡಿ ನಿಮ್ಮ ಬಳಿ ಇದೆ. ಯಾವ ತಂತಿ ಎಲ್ಲಿಗೆ ಅಂತ ಕೂತು ಬರೆದುಕೊಡುತ್ತೇನೆ.